ಮಿಸ್ಸೂರಿ ನದಿಯ ಮೇಲೆ ಒಂದು ಹಳೆಯ ದಿನಚರಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಾಂಟಾನಾ ಎಂಬುದೊಂದು. ಅದರ ನಡುವೆ ಹರಿಯುವ ಮಿಸ್ಸೂರಿ ನದಿಯ ದಡದಲ್ಲಿ ಕೋಲ್ ಬ್ಯಾಂಕ್ಸ್ ಎಂಬ ದೋಣಿಗಟ್ಟೆ ಇದೆ. ಬೇಸಗೆ ಬಂದಿತೆಂದರೆ ಅಲ್ಲಿಗೆ ಜನರು ಸಣ್ಣ ಸಣ್ಣ ತಂಡಗಳಾಗಿ ಬಂದು ಸೇರುವರು. ಉಪಾಧ್ಯಾಯರು, ವರ್ತಕರು, ಕೆಲಸದಿಂದ ನಿವೃತ್ತರಾದವರು, ಕಾಲೇಜಿನ ಹುಡುಗರು, ಹೀಗೆ ಎಲ್ಲ ಬಗೆಯವರೂ ಅವರಲ್ಲಿ ಇರುವರು. ಡೇರೆ, ಅಡಿಗೆಯ ಸಾಮಾನು, ಕುಡಿಯುವ ನೀರು ಇವುಗಳನ್ನು ಹಗುರವಾದ ದೋಣಿಗಳಲ್ಲಿ ತುಂಬಿಕೊಂಡು ಪ್ರವಾಹದೊಡನೆ ಹೊರಡುವರು. ಸುಮಾರು ನಲವತ್ತೇಳು ಮೈಲಿ ಕೆಳಗೆ, ಜೂಡಿತ್ ಎಂಬ ಉಪನದಿ ಬಂದು ಕೂಡುವ ಸ್ಥಳವನ್ನು ಮುಟ್ಟುವುದಕ್ಕೆ ಅವರಿಗೆ ಸಾಮಾನ್ಯವಾಗಿ ಮೂರು ದಿನ ಹಿಡಿಯುವುದು. ಈ ಮೂರು ದಿನವೂ ಅವರಿಗೆ ಜೊತೆಯಾಗಿರುವುದು ಭೂಪಟವೊಂದೇ ಅಲ್ಲ. ತಂಡದಲ್ಲಿ ಯಾರಾದರೊಬ್ಬರ ಚೀಲದಲ್ಲಿ ಒಂದು ಪುಸ್ತಕವೂ ಇರುವುದು. ಸಂಜೆ ಬಿಡಾರ ಹೂಡಿದ ಮೇಲೆ ಅದನ್ನು ತೆರೆದು ಒಬ್ಬರು ಓದುವರು, ಉಳಿದವರು ಕೇಳುವರು. ಅದು ಇನ್ನೂರು ವರ್ಷಗಳ ಹಿಂದೆ ಇದೇ ನದಿಯಲ್ಲಿ ಹಾದು, ಇದೇ ದಂಡೆಯ ಮೇಲೆ ಮಲಗಿ ಎದ್ದವರು ಬರೆದಿಟ್ಟ ದಿನಚರಿ.

ಆ ದಿನಚರಿಯನ್ನು ಬರೆದವರಲ್ಲಿ ಮುಖ್ಯರಾದವರು ಮೆರಿವೆದರ್ ಲೂಯಿಸ್, ವಿಲಿಯಂ ಕ್ಲಾರ್ಕ್ ಎಂಬ ಇಬ್ಬರು ಸೈನ್ಯಾಧಿಕಾರಿಗಳು. ಅವರ ಪ್ರಯಾಣದ ಹಾದಿಯನ್ನು ಹಿಡಿದು ಈಚಿನವರು ಗುಂಪುಗೂಡಿ ಹೋಗಿಬರುವುದು ಒಂದು ವಿನೋದವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಪುಸ್ತಕದಲ್ಲಿ ಓದಿದ ಚರಿತ್ರೆಯನ್ನು ನೆಲದ ಮೇಲೆ ನಿಂತು ಮತ್ತೊಮ್ಮೆ ಓದಿದರೆ, ಕೆಲವು ಮಾತುಗಳು ಗಟ್ಟಿಯಾಗಿ ನಿಲ್ಲುವುವು. ಕೆಲವು ಮಾತುಗಳು ನಿಲ್ಲಲಾರದೆ ಕುಸಿಯುವುವು. ಈ ಪ್ರಯಾಣದ ವಿಷಯದಲ್ಲಿ ಹಾಗೆ ಕುಸಿಯುವ ಮಾತು ಒಂದುಂಟು. ಅದು “ಕಂಡುಹಿಡಿದರು” ಎಂಬ ಮಾತು. ಅದು ಹೇಗೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. 1803ರಲ್ಲಿ ಅಮೆರಿಕದ ಸರ್ಕಾರವು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕಿರುವ ಲೂಯಿಸಿಯಾನ ಎಂಬ ವಿಶಾಲವಾದ ಸೀಮೆಯನ್ನು ಫ್ರಾನ್ಸ್ ದೇಶದಿಂದ ಒಂದೂವರೆ ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಕೊಂಡವರಿಗಾಗಲಿ ಮಾರಿದವರಿಗಾಗಲಿ ಆ ಸೀಮೆಯ ಒಳಗೇನಿದೆ ಎಂಬುದು ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ತಲತಲಾಂತರದಿಂದ ವಾಸವಾಗಿದ್ದವರನ್ನು ಯಾರೂ ಕೇಳಲೂ ಇಲ್ಲ. ಆಗ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ನನಿಗೆ ಒಂದು ಆಸೆಯಿತ್ತು: ಮಿಸ್ಸೂರಿ ನದಿಯನ್ನು ಹಿಡಿದು ಅದರ ಮೂಲದವರೆಗೆ ಹೋದರೆ, ಅಲ್ಲಿಂದ ಒಂದು ದಿಣ್ಣೆಯನ್ನು ದಾಟಿ, ಪಶ್ಚಿಮ ಸಮುದ್ರಕ್ಕೆ ಹರಿಯುವ ಮತ್ತೊಂದು ನದಿಗೆ ಇಳಿಯಬಹುದು, ಹೀಗೆ ಖಂಡದ ಆಚೆಗೆ ನೀರಿನ ದಾರಿಯೊಂದು ದೊರೆತರೆ ವ್ಯಾಪಾರಕ್ಕೆ ಬಹಳ ಅನುಕೂಲ. ಈ ಆಸೆಯಿಂದ ಅವನು ತನ್ನ ಕಾರ್ಯದರ್ಶಿಯಾಗಿದ್ದ ಲೂಯಿಸನನ್ನು ಮುಖ್ಯಸ್ಥನನ್ನಾಗಿ ಮಾಡಿ ಒಂದು ತಂಡವನ್ನು ಕಳುಹಿಸಿದನು. ಲೂಯಿಸನು ತನ್ನ ಹಳೆಯ ಸ್ನೇಹಿತನಾದ ಕ್ಲಾರ್ಕನನ್ನು ಸಮಾನನಾದ ನಾಯಕನನ್ನಾಗಿ ಕರೆದುಕೊಂಡನು.

1804ರ ಮೇ ತಿಂಗಳ 14ರಂದು, ಮಿಸ್ಸೂರಿಯು ಮಿಸಿಸಿಪ್ಪಿಯನ್ನು ಸೇರುವ ಸ್ಥಳದ ಹತ್ತಿರದಿಂದ ತಂಡವು ಹೊರಟಿತು. ಐವತ್ತೈದು ಅಡಿ ಉದ್ದದ ಒಂದು ದೊಡ್ಡ ದೋಣಿ, ಅದಕ್ಕಿಂತ ಚಿಕ್ಕವಾದ ಎರಡು ದೋಣಿಗಳು, ನಲವತ್ತಕ್ಕೆ ಮೇಲ್ಪಟ್ಟ ಜನರು. ಆ ವರ್ಷದ ಚಳಿಗಾಲವನ್ನು ಮ್ಯಾಂಡನ್ ಮತ್ತು ಹಿಡಾಟ್ಸಾ ಎಂಬ ಜನಾಂಗಗಳ ಹಳ್ಳಿಗಳ ಬಳಿ ಕಳೆದರು. 1805ರ ಏಪ್ರಿಲ್ 7ರಂದು ದೊಡ್ಡ ದೋಣಿಯನ್ನು ಹಿಂದಕ್ಕೆ ಕಳುಹಿಸಿ, ಮೂವತ್ತಮೂರು ಮಂದಿ ಮುಂದಕ್ಕೆ ಹೊರಟರು. ಅವರಲ್ಲಿ ಸಕಾಗವೆಯ ಎಂಬ ಶೋಶೋನಿ ಜನಾಂಗದ ತರುಣಿಯಿದ್ದಳು. ಅವಳ ಬೆನ್ನ ಮೇಲೆ ಎರಡು ತಿಂಗಳ ಕೂಸು ಇತ್ತು. ಕ್ಲಾರ್ಕನ ದಾಸನಾಗಿದ್ದ ಯಾರ್ಕ್ ಎಂಬ ನೀಗ್ರೋ ಯುವಕನಿದ್ದನು. ಬೆಟ್ಟಗಳನ್ನು ದಾಟಿ, ಕೊಲಂಬಿಯಾ ನದಿಯನ್ನು ಹಿಡಿದು, ಅದೇ ವರ್ಷದ ನವೆಂಬರಿನಲ್ಲಿ ಪಶ್ಚಿಮ ಸಮುದ್ರವನ್ನು ಕಂಡರು. 1806ರ ಸೆಪ್ಟೆಂಬರ್ 23ರಂದು ಸೇಂಟ್ ಲೂಯಿಸ್ ಪಟ್ಟಣಕ್ಕೆ ಹಿಂದಿರುಗಿದರು. ಇಪ್ಪತ್ತೆಂಟು ತಿಂಗಳು, ಹೋಗಿಬರುವುದಕ್ಕೆ ಸುಮಾರು ಎಂಟು ಸಾವಿರ ಮೈಲಿ. ಇಷ್ಟರಲ್ಲಿ ತಂಡದವರಲ್ಲಿ ತೀರಿಕೊಂಡವನು ಚಾರ್ಲ್ಸ್ ಫ್ಲಾಯ್ಡ್ ಎಂಬ ಸಾರ್ಜೆಂಟ್ ಒಬ್ಬನೇ.

ಈ ಹಾದಿಯನ್ನು 1978ರಲ್ಲಿ ಅಮೆರಿಕದ ಸರ್ಕಾರವು ರಾಷ್ಟ್ರೀಯ ಐತಿಹಾಸಿಕ ಮಾರ್ಗವೆಂದು ಗೊತ್ತುಮಾಡಿತು. ಅದಕ್ಕೆ ಮೊದಲೇ, 1969ರಲ್ಲಿ, ಈ ಹಾದಿಯನ್ನು ಕಾಪಾಡುವುದಕ್ಕಾಗಿಯೂ ಅಭ್ಯಾಸಮಾಡುವುದಕ್ಕಾಗಿಯೂ ಒಂದು ಸಂಘವು ಏರ್ಪಟ್ಟಿತ್ತು. ದಿನಚರಿಗಳೆಲ್ಲವನ್ನೂ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದವರು 1983ರಿಂದ 2001ರವರೆಗೆ ಹದಿಮೂರು ಸಂಪುಟಗಳಲ್ಲಿ ಪರಿಷ್ಕರಿಸಿ ಅಚ್ಚುಹಾಕಿಸಿದರು. ನೂರಾರು ಮೈಲಿಗಳ ಹಾದಿಯಲ್ಲಿ ಯಾವ ರಾತ್ರಿ ಯಾವ ತಿರುವಿನಲ್ಲಿ ತಂಗಿದರು ಎಂಬುದನ್ನು ಸಾಮಾನ್ಯರೂ ಹುಡುಕಬಹುದಾದ ಅನುಕೂಲವು ಹೀಗೆ ಒದಗಿತು.

ಈಗ ಕೋಲ್ ಬ್ಯಾಂಕ್ಸ್ ಗಟ್ಟೆಯಿಂದ ಹೊರಟ ನಮ್ಮ ತಂಡದೊಡನೆ ಸ್ವಲ್ಪ ದೂರ ಹೋಗೋಣ. ನದಿಯ ಎರಡು ಕಡೆಗಳಲ್ಲಿಯೂ ಬಿಳಿಯ ಮರಳುಗಲ್ಲಿನ ಗೋಡೆಗಳು ಎದ್ದುನಿಂತಿವೆ. ಮಳೆಗಾಳಿಗಳು ಅವುಗಳನ್ನು ಕೊರೆದು ಕಂಬಗಳಂತೆಯೂ, ಮಂಟಪಗಳಂತೆಯೂ, ಹಾಳುಬಿದ್ದ ಅರಮನೆಗಳಂತೆಯೂ ಮಾಡಿವೆ. 1805ರ ಮೇ 31ರಂದು ಇವುಗಳ ನಡುವೆ ಹಾದ ಲೂಯಿಸನು, ಮನುಷ್ಯರು ಕಟ್ಟಡ ಕಟ್ಟುವುದನ್ನು ಕಲಿಯುವುದಕ್ಕೆ ಮುಂಚೆಯೇ ಪ್ರಕೃತಿಯು ಆ ಕೆಲಸವನ್ನು ಇಲ್ಲಿ ಮಾಡಿ ನೋಡಿತೆಂಬ ಭಾವದಿಂದ ವರ್ಣಿಸಿದ್ದಾನೆ. ಅವನ ಮಾತುಗಳನ್ನು ಓದಿ ತಲೆಯೆತ್ತಿದರೆ ಅದೇ ಗೋಡೆ ಎದುರಿಗಿರುವುದು. 1833ರಲ್ಲಿ ಕಾರ್ಲ್ ಬೋಡ್ಮರ್ ಎಂಬ ಸ್ವಿಸ್ ಚಿತ್ರಗಾರನು ಇಲ್ಲಿಗೆ ಬಂದು ಬರೆದ ಚಿತ್ರಗಳನ್ನು ಹಿಡಿದು ಹೋಲಿಸಿದರೂ ಬಂಡೆಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಈ ಭಾಗದ ನೂರ ನಲವತ್ತೊಂಬತ್ತು ಮೈಲಿಗಳ ನದಿಯನ್ನು 1976ರಿಂದ ಕಾನೂನಿನ ಮೂಲಕ ರಕ್ಷಿಸಲಾಗಿದೆ.

ಆದರೆ ದಿನಚರಿಯ ಅದೇ ದಿನದ ಪುಟದಲ್ಲಿ ಇನ್ನೊಂದು ಮಾತೂ ಇದೆ. ಬಂಡೆಗಳ ಚೆಲುವನ್ನು ಹೇಳುವುದಕ್ಕೆ ಮೊದಲು ಲೂಯಿಸನು ತನ್ನ ಜನರ ಕಷ್ಟವನ್ನು ಹೇಳುತ್ತಾನೆ. ಈಗಿನವರು ಪ್ರವಾಹದೊಡನೆ ಕೆಳಕ್ಕೆ ತೇಲಿಹೋಗುವರು. ಆ ತಂಡದವರು ಪ್ರವಾಹಕ್ಕೆದುರಾಗಿ ಮೇಲಕ್ಕೆ ಹೋಗುತ್ತಿದ್ದರು. ಹುಟ್ಟು ಹಾಕಿ ಸಾಗದ ಕಡೆಗಳಲ್ಲಿ ದೋಣಿಗಳಿಗೆ ಎಲ್ಕ್ ಎಂಬ ದೊಡ್ಡ ಕಡವೆಯ ತೊಗಲಿನ ಹಗ್ಗಗಳನ್ನು ಕಟ್ಟಿ ಎಳೆಯುತ್ತಿದ್ದರು. ಹಗ್ಗಗಳು ನೆನೆದು ಹಳಸಿ ಕಿತ್ತುಹೋಗುತ್ತಿದ್ದುವು. ಕೆಸರಿನಲ್ಲಿ ಕಾಲು ಜಾರುವುದರಿಂದ ಚರ್ಮದ ಮೆಟ್ಟುಗಳನ್ನು ಹಾಕಿಕೊಳ್ಳುವಂತಿರಲಿಲ್ಲ. ಚೂಪಾದ ಕಲ್ಲುಗಳ ಮೇಲೆ ಬರಿಗಾಲಿನಲ್ಲಿ, ಕಂಕುಳವರೆಗೆ ತಣ್ಣೀರಿನಲ್ಲಿ, ಗುಂಡುಗಳನ್ನು ಬಳಸಿಕೊಂಡು ನಡೆಯಬೇಕಾಗಿತ್ತು. ಪುಸ್ತಕವನ್ನು ಮನೆಯಲ್ಲಿ ಕುಳಿತು ಓದುವವನು ಈ ಸಾಲುಗಳನ್ನು ದಾಟಿ ಬಂಡೆಗಳ ವರ್ಣನೆಗೆ ಓಡುವನು. ನದಿಯ ಮೇಲಿರುವವನಾದರೋ ದೋಣಿಯಿಂದ ಇಳಿದು, ಅದಕ್ಕೆ ಹಗ್ಗ ಕಟ್ಟಿ, ಒಂದು ಫರ್ಲಾಂಗು ದೂರ ಹಿಂದಕ್ಕೆ ಎಳೆದು ನೋಡಿದರೆ ಸಾಕು. ನಾಯಕರಿಬ್ಬರ ಹೆಸರಿನಿಂದ ಕರೆಯುವ ಈ ಪ್ರಯಾಣವು ಎಷ್ಟು ಮಂದಿಯ ತೋಳುಗಳಿಂದ ನಡೆಯಿತೆಂಬುದು ಅವನಿಗೆ ಆ ಕ್ಷಣದಲ್ಲಿ ತಿಳಿಯುವುದು. ಇದು ಹಾದಿಯು ಕಲಿಸುವ ಮೊದಲನೆಯ ಪಾಠ.

ಎರಡನೆಯ ಪಾಠವನ್ನು ಕಲಿಯುವುದಕ್ಕೆ ನದಿಯನ್ನು ಹಿಡಿದು ಇನ್ನೂ ಮೇಲಕ್ಕೆ ಹೋಗಬೇಕು. ಮರಾಯಾಸ್ ಎಂಬ ನದಿ ಉತ್ತರದಿಂದ ಬಂದು ಮಿಸ್ಸೂರಿಯನ್ನು ಸೇರುವ ಸಂಗಮವೊಂದಿದೆ. ಅದರ ಮೇಲಿನ ಗುಡ್ಡವನ್ನು ಹತ್ತಿ ನೋಡುವುದು ಈಗಿನ ತಂಡಗಳಿಗೆ ಪ್ರಿಯವಾದ ಕೆಲಸ. 1805ರ ಜೂನ್ 3ರಂದು ಇಲ್ಲಿಗೆ ಬಂದ ತಂಡದ ಮುಂದೆ ದೊಡ್ಡ ಪ್ರಶ್ನೆಯೊಂದು ನಿಂತಿತು: ಎರಡರಲ್ಲಿ ಯಾವುದು ನಿಜವಾದ ಮಿಸ್ಸೂರಿ? ಉತ್ತರದ ಕವಲು ಅದುವರೆಗೆ ತಾವು ಬಂದ ನದಿಯಂತೆಯೇ ಕೆಸರುಬಣ್ಣದ್ದಾಗಿತ್ತು. ಆದ್ದರಿಂದ ಅದೇ ಮಿಸ್ಸೂರಿ ಎಂದು ತಂಡದವರೆಲ್ಲರೂ ನಂಬಿದರು. ದಕ್ಷಿಣದ ಕವಲಿನ ನೀರು ತಿಳಿಯಾಗಿತ್ತು. ಬೆಟ್ಟಗಳಿಂದ ಇಳಿದುಬಂದ ನೀರು ತಿಳಿಯಾಗಿರಬೇಕೆಂದು ನಾಯಕರು ತರ್ಕಿಸಿದರು. ತಪ್ಪು ದಾರಿ ಹಿಡಿದಿದ್ದರೆ ಆ ವರ್ಷ ಬೆಟ್ಟವನ್ನು ದಾಟುವುದು ಸಾಧ್ಯವಾಗುತ್ತಿರಲಿಲ್ಲ. ಕೊನೆಗೆ ನಾಯಕರ ತರ್ಕವೇ ಸರಿಯೆಂದು ಗೊತ್ತಾಯಿತು. ಪಠ್ಯಪುಸ್ತಕಗಳು ಇದನ್ನು ನಾಯಕರ ಬುದ್ಧಿಶಕ್ತಿಗೆ ನಿದರ್ಶನವಾಗಿ ಹೇಳುವುವು. ಅದು ತಪ್ಪಲ್ಲ. ಆದರೆ ಆ ತರ್ಕವು ಸರಿಯೆಂದು ಗೊತ್ತಾದದ್ದು ಯಾವುದರಿಂದ? ನಿಜವಾದ ಮಿಸ್ಸೂರಿಯ ಮೇಲೆ ದೊಡ್ಡ ಜಲಪಾತವಿದೆಯೆಂದು ಹಿಂದಿನ ಚಳಿಗಾಲದಲ್ಲಿ ಹಿಡಾಟ್ಸಾ ಜನರು ಅವರಿಗೆ ಹೇಳಿದ್ದರು. ಜೂನ್ 13ರಂದು ಲೂಯಿಸನು ಮುಂದಾಗಿ ನಡೆದುಹೋಗಿ, ಜಲಪಾತದ ಶಬ್ದವನ್ನು ಕೇಳಿ, ತಾನು ಸರಿಯಾದ ನದಿಯಲ್ಲಿರುವೆನೆಂದು ನಿಶ್ಚಯಿಸಿಕೊಂಡನು. ಹಿಡಾಟ್ಸಾ ಜನರ ಮಾತು ಪರೀಕ್ಷೆಗೆ ಒರೆಗಲ್ಲಾಯಿತು.

ಜಲಪಾತವು ಒಂದಲ್ಲ, ಐದು ಎಂದು ಆಮೇಲೆ ತಿಳಿಯಿತು. ಅವುಗಳನ್ನು ಬಳಸಿಕೊಂಡು ದೋಣಿಗಳನ್ನೂ ಸಾಮಾನುಗಳನ್ನೂ ಸುಮಾರು ಹದಿನೆಂಟು ಮೈಲಿ ನೆಲದ ಮೇಲೆ ಸಾಗಿಸಬೇಕಾಯಿತು. ಮರದ ದಿಮ್ಮಿಯನ್ನು ಅಡ್ಡಲಾಗಿ ಕೊಯ್ದು ಗಾಲಿಗಳನ್ನು ಮಾಡಿದರು. ದಾರಿಯುದ್ದಕ್ಕೂ ಪಾಪಾಸುಕಳ್ಳಿ, ಅದರ ಮುಳ್ಳುಗಳು ಮೆಟ್ಟುಗಳನ್ನು ತೂರಿ ಅಂಗಾಲಿಗೆ ನಾಟುತ್ತಿದ್ದುವು. ಇಲ್ಲಿ ಲೂಯಿಸನ ಮನಸ್ಸಿನ ದೊಡ್ಡ ಆಸೆಯೊಂದು ಮುರಿದುಬಿದ್ದಿತು. ಬಿಡಿಭಾಗಗಳಾಗಿ ಹೊತ್ತು ತಂದು ಬೇಕಾದ ಕಡೆ ಜೋಡಿಸಬಹುದಾದ ಕಬ್ಬಿಣದ ಹಂದರವೊಂದನ್ನು ಅವನು ಸರ್ಕಾರದ ಆಯುಧಶಾಲೆಯಲ್ಲಿ ಮಾಡಿಸಿ ತಂದಿದ್ದನು. ಮೂವತ್ತಾರು ಅಡಿ ಉದ್ದದ ಆ ಹಂದರಕ್ಕೆ ತೊಗಲುಗಳನ್ನು ಹೊಲಿದು ಹೊದಿಸಿದರು. ಹೊಲಿಗೆಯ ಸಂದುಗಳನ್ನು ಮುಚ್ಚುವುದಕ್ಕೆ ಪೈನ್ ಮರದ ರಾಳ ಬೇಕು. ಆ ಬಯಲಿನಲ್ಲಿ ಪೈನ್ ಮರವೇ ಇರಲಿಲ್ಲ. ಜುಲೈ 9ರಂದು ನೀರಿಗಿಳಿಸಿದ ದೋಣಿಯು ಸಂಜೆಯೊಳಗೆ ಸೋರತೊಡಗಿತು. ಲೂಯಿಸನು ಅದನ್ನು ಅಲ್ಲಿಯೇ ಬಿಟ್ಟು, ಮರಗಳನ್ನು ಕೊರೆದು ಬೇರೆ ದೋಣಿಗಳನ್ನು ಮಾಡಿಸಬೇಕಾಯಿತು.

ಇದರ ಜೊತೆಗೆ ಇನ್ನೊಂದು ದೋಣಿಯ ಕಥೆಯನ್ನು ಹೇಳಿದರೆ ನಮ್ಮ ಶ್ರೋತೃಗಳಿಗೆ ವಿಶೇಷವಾಗಿ ಸಂತೋಷವಾಗಬಹುದು. ಮ್ಯಾಂಡನ್, ಹಿಡಾಟ್ಸಾ, ಅರಿಕಾರ ಜನಾಂಗದ ಹೆಂಗಸರು ಮಿಸ್ಸೂರಿಯನ್ನು ದಾಟುವುದಕ್ಕೆ ದುಂಡನೆಯ ತೊಗಲು ದೋಣಿಗಳನ್ನು ಬಳಸುತ್ತಿದ್ದರು. ವಿಲೋ ಗಿಡದ ಕಡ್ಡಿಗಳನ್ನು ಬಾಗಿಸಿ ಬುಟ್ಟಿಯಂತೆ ಕಟ್ಟಿ, ಅದರ ಮೇಲೆ ಬೈಸನ್ ಎಂಬ ಕಾಡುದನದ ಒಂದೇ ತೊಗಲನ್ನು ಬಿಗಿದರೆ ದೋಣಿ ಸಿದ್ಧ. ತುಂಗಭದ್ರೆಯಲ್ಲಿಯೂ ಕಾವೇರಿಯಲ್ಲಿಯೂ ನಮ್ಮ ಅಂಬಿಗರು ನಡೆಸುವ ಹರಿಗೋಲನ್ನು ಕಂಡವರಿಗೆ ಅದರ ಆಕಾರವನ್ನು ಬೇರೆ ವಿವರಿಸಬೇಕಾದುದಿಲ್ಲ. ಎರಡು ದೇಶಗಳ ಜನರು ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಉಪಾಯವನ್ನು ಕಂಡುಕೊಂಡಿದ್ದಾರೆ. 1804ರ ಅಕ್ಟೋಬರಿನಲ್ಲಿ, ಗಾಳಿಯಿಂದ ನದಿ ಉಕ್ಕಾಡುತ್ತಿದ್ದಾಗ ಹೆಂಗಸರು ಇಂಥ ದೋಣಿಗಳಲ್ಲಿ ನಿರಾಯಾಸವಾಗಿ ದಾಟಿದುದನ್ನು ಕ್ಲಾರ್ಕನು ಬೆರಗಾಗಿ ಬರೆದಿಟ್ಟಿದ್ದಾನೆ. ಹಿಂದಿರುಗುವಾಗ, 1806ರಲ್ಲಿ, ಸಾರ್ಜೆಂಟ್ ಪ್ರಯರ್ ಎಂಬವನೂ ಮೂವರು ಸಂಗಡಿಗರೂ ಯೆಲ್ಲೋಸ್ಟೋನ್ ನದಿಯ ಸೀಮೆಯಲ್ಲಿ ತಮ್ಮ ಕುದುರೆಗಳನ್ನೆಲ್ಲ ಕಳೆದುಕೊಂಡು ನಿಂತರು. ಕ್ಲಾರ್ಕನು ದೋಣಿಗಳಲ್ಲಿ ಬಹು ದೂರ ಮುಂದೆ ಹೋಗಿಬಿಟ್ಟಿದ್ದನು. ಆಗ ಅವರು ತಾವು ಕಂಡಿದ್ದ ಆ ದುಂಡು ದೋಣಿಗಳನ್ನು ನೆನೆದು, ಬೈಸನ್ನುಗಳನ್ನು ಬೇಟೆಯಾಡಿ, ಅಂಥವೇ ಎರಡನ್ನು ಕಟ್ಟಿಕೊಂಡು, ಅಪರಿಚಿತವಾದ ನದಿಯಲ್ಲಿ ತೇಲಿ, ಆಗಸ್ಟ್ 8ರಂದು ಸುರಕ್ಷಿತವಾಗಿ ಕ್ಲಾರ್ಕನನ್ನು ಕೂಡಿಕೊಂಡರು. ಆಯುಧಶಾಲೆಯ ಕಬ್ಬಿಣದ ದೋಣಿಯು ಒಂದು ದಿನವೂ ನಿಲ್ಲಲಿಲ್ಲ. ನದಿಯ ಹೆಂಗಸರ ತೊಗಲಿನ ಬುಟ್ಟಿಯು ನಾಲ್ಕು ಪ್ರಾಣಗಳನ್ನು ಉಳಿಸಿತು.

ಬೆಟ್ಟಗಳ ಮೇಲಿನ ಹಾದಿಯಲ್ಲಿ ಇದೇ ವಿಷಯವು ಇನ್ನೂ ಸ್ಪಷ್ಟವಾಗುವುದು. 1805ರ ಆಗಸ್ಟ್ 12ರಂದು ಲೂಯಿಸನು ಲೆಮ್ಹಿ ಕಣಿವೆಯ ನೆತ್ತಿಯನ್ನು ಹತ್ತಿದನು. ಅಲ್ಲಿಂದಾಚೆಗೆ ಸಮುದ್ರಕ್ಕೆ ಇಳಿಯುವ ನದಿಯ ಬಯಲು ಕಾಣುವುದೆಂದು ಜೆಫರ್ಸನ್ನನು ಊಹಿಸಿದ್ದನು. ಕಂಡದ್ದು ಹಿಮದಿಂದ ಮುಚ್ಚಿದ ಬೆಟ್ಟಸಾಲುಗಳು, ಒಂದರ ಹಿಂದೆ ಇನ್ನೊಂದು. ನೀರಿನ ದಾರಿಯೆಂಬುದು ಇಲ್ಲವೆಂದು ಅಲ್ಲಿ ತಿಳಿಯಿತು. ಈಗಲೂ ಆ ನೆತ್ತಿಯನ್ನು ಹತ್ತಿದವರು ಪಶ್ಚಿಮಕ್ಕೆ ನೋಡಿದರೆ ಆ ನಿರಾಶೆಯನ್ನು ಕಣ್ಣಿನಿಂದಲೇ ಅರಿಯಬಹುದು. ಮುಂದೆ ಏನು ಮಾಡಬೇಕು? ಅವರ ಅದೃಷ್ಟಕ್ಕೆ ಅಲ್ಲಿ ಶೋಶೋನಿ ಜನರು ದೊರೆತರು. ಅವರ ನಾಯಕನಾದ ಕಾಮೆಯವೈಟನು ಸಕಾಗವೆಯಳ ಒಡಹುಟ್ಟಿದವನೇ ಆಗಿದ್ದನು. ಅವರಿಂದ ಕುದುರೆಗಳು ಸಿಕ್ಕಿದುವು. ತಂಡದವರು ಟೋಬಿ ಎಂದು ಕರೆದ ವೃದ್ಧನೊಬ್ಬನು ದಾರಿ ತೋರಿಸುವುದಕ್ಕೆ ಹೊರಟನು. ಲೋಲೋ ಎಂಬ ಬೆಟ್ಟದ ದಾರಿಯನ್ನು ಹಿಡಿದು, ಹಿಮದಲ್ಲಿ, ಹಸಿವಿನಿಂದ ಕುದುರೆಮರಿಗಳನ್ನು ಕೊಂದು ತಿನ್ನುತ್ತ, ಹನ್ನೊಂದು ದಿನ ನಡೆದು ಆಚೆಗೆ ಇಳಿದರು. ಅಲ್ಲಿ ನೆಜ್ ಪರ್ಸ್ ಜನರು ಅವರಿಗೆ ಒಣಗಿಸಿದ ಮೀನನ್ನೂ ಕ್ಯಾಮಸ್ ಎಂಬ ಗೆಡ್ಡೆಯನ್ನೂ ಕೊಟ್ಟು ಬದುಕಿಸಿದರು. ಬೆಂಕಿಯಿಂದ ಮರವನ್ನು ಸುಟ್ಟು ಕೊರೆದು ದೋಣಿ ಮಾಡುವ ಕ್ರಮವನ್ನೂ ತೋರಿಸಿದರು.

ಲೋಲೋ ದಾರಿಯಲ್ಲಿ ಈಗಲೂ ತಂಡಗಳು ಕಾಲ್ನಡಿಗೆಯಿಂದ ಹೋಗುವುವು. ದಟ್ಟವಾದ ಕಾಡಿನಲ್ಲಿ, ಬೆಟ್ಟದ ಏಣನ್ನು ಹಿಡಿದು ಹೋಗುವ ಆ ಕಾಲುದಾರಿಯ ಕೆಲವು ಭಾಗಗಳು ಆಳವಾಗಿ ಸವೆದುಹೋಗಿವೆ. ಅದು ಲೂಯಿಸ್ ಮತ್ತು ಕ್ಲಾರ್ಕರು ಸವೆಸಿದ ದಾರಿಯಲ್ಲ. ಅವರು ಹೋದದ್ದು ಒಮ್ಮೆ, ಬಂದದ್ದು ಒಮ್ಮೆ. ಬೆಟ್ಟದಾಚೆಯ ಬಯಲಿಗೆ ಬೈಸನ್ ಬೇಟೆಗೆಂದು ತಲೆತಲೆಮಾರಿನಿಂದ ಹೋಗಿಬರುತ್ತಿದ್ದ ನೆಜ್ ಪರ್ಸ್ ಜನರ ಹೆದ್ದಾರಿ ಅದು. 1806ರ ಜೂನ್ ತಿಂಗಳಲ್ಲಿ ಹಿಂದಿರುಗುವಾಗ, ಒಮ್ಮೆ ನಡೆದ ದಾರಿಯಲ್ಲವೇ ಎಂಬ ಧೈರ್ಯದಿಂದ, ದಾರಿ ತೋರಿಸುವವರು ಬರುವುದಕ್ಕೆ ಕಾಯದೆ ನಾಯಕರು ಹೊರಟುಬಿಟ್ಟರು. ಹಿಮವು ದಾರಿಯನ್ನು ಮುಚ್ಚಿತ್ತು. ಜೂನ್ 17ರಂದು ಅವರು ಹಿಂದಿರುಗಲೇಬೇಕಾಯಿತು. ಇಡೀ ಪ್ರಯಾಣದಲ್ಲಿ ಅವರು ಹಾಗೆ ಹಿಮ್ಮೆಟ್ಟಿದುದು ಅದೇ ಮೊದಲು. ಆಮೇಲೆ ನೆಜ್ ಪರ್ಸ್ ಯುವಕರು ಮುಂದಾಗಿ ನಡೆದರು. ಅದೇ ಹಿಮದ ಮೇಲೆ, ಆರು ದಿನಗಳಲ್ಲಿ ತಂಡವು ಆಚೆಗೆ ಸೇರಿತು. ಬೆಟ್ಟವೂ ಅದೇ, ಜನರೂ ಅವರೇ; ವ್ಯತ್ಯಾಸವೆಲ್ಲ ದಾರಿ ಬಲ್ಲವನೊಬ್ಬನು ಮುಂದಿದ್ದನೋ ಇಲ್ಲವೋ ಎಂಬುದರಲ್ಲಿ.

ಆದುದರಿಂದ ಈ ಹಾದಿಯನ್ನು ಹಿಡಿದು ಹೋಗುವವರು ಪ್ರತಿಯೊಂದು ಬಿಡಾರದಲ್ಲಿಯೂ ಕೇಳಬೇಕಾದ ಪ್ರಶ್ನೆ “ಅವರು ಇಲ್ಲಿ ಎಲ್ಲಿ ಮಲಗಿದರು” ಎಂಬುದೊಂದೇ ಅಲ್ಲ. ಆ ಪ್ರಶ್ನೆಗೂ ಅದರ ಸ್ವಾರಸ್ಯವುಂಟು. ಲೋಲೋ ದಾರಿಯ ಬುಡದಲ್ಲಿರುವ ಟ್ರಾವೆಲರ್ಸ್ ರೆಸ್ಟ್ ಎಂಬ ಬಿಡಾರವನ್ನು 2002ರಲ್ಲಿ ಅಗೆದು ನೋಡಿದ ವಿದ್ವಾಂಸರು, ಹಳೆಯ ಪಾಯಿಖಾನೆಯ ಹಳ್ಳದ ಮಣ್ಣಿನಲ್ಲಿ ಪಾದರಸದ ಅಂಶವನ್ನು ಕಂಡರು. ತಂಡದವರು ನುಂಗುತ್ತಿದ್ದ ಔಷಧಿಯ ಗುಳಿಗೆಗಳಲ್ಲಿ ಪಾದರಸವಿತ್ತು. ಆದ್ದರಿಂದ ಅವರು ತಂಗಿದ ಜಾಗ ಇದೇ ಎಂದು ನಿರ್ಧಾರವಾಯಿತು. ಇಂಥ ಶೋಧನೆಗಳು ಮೆಚ್ಚತಕ್ಕವೇ. ಆದರೆ “ಇಲ್ಲಿಂದ ಮುಂದಿನ ದಾರಿಯನ್ನು ಅವರಿಗೆ ಯಾರು ಹೇಳಿದರು” ಎಂಬ ಪ್ರಶ್ನೆಯನ್ನೂ ಕೇಳಿದರೆ ದಿನಚರಿಯ ಪುಟಪುಟದಲ್ಲಿಯೂ ಉತ್ತರ ಸಿಕ್ಕುವುದು. ನಾಯಕರು ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟವರು ಆಮೇಲೆ ಕಥೆ ಹೇಳಿದವರು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಕಥೆ ಅರ್ಧವಾಗುವುದು. ಬಿಳಿಯ ಬಂಡೆಗಳ ಭಾಗವು ಹಾಗೆಯೇ ಉಳಿದಿದೆಯೆಂದು ಹೇಳಿದೆನು. ಉಳಿದ ನದಿಯು ಹಾಗಿಲ್ಲ. ಮಿಸ್ಸೂರಿಯ ಮಧ್ಯಭಾಗದ ಮೇಲೆ ಕಳೆದ ಶತಮಾನದಲ್ಲಿ ಆರು ದೊಡ್ಡ ಅಣೆಕಟ್ಟುಗಳು ಎದ್ದುವು. ನದಿಯ ಸುಮಾರು ಮೂರರಲ್ಲೊಂದು ಪಾಲು ಜಲಾಶಯವಾಗಿದೆ. ಕೆಳಗಿನ ಮೂರರಲ್ಲೊಂದು ಪಾಲು ಹಡಗುಗಳ ಸಂಚಾರಕ್ಕಾಗಿ ನೇರವಾಗಿ ತಿದ್ದಿದ ಕಾಲುವೆಯಂತಾಗಿದೆ. ಐದು ಜಲಪಾತಗಳಲ್ಲಿ ಒಂದು ಮುಳುಗಿತು. ಉಳಿದವುಗಳ ನೀರು ವಿದ್ಯುಚ್ಛಕ್ತಿಯ ಯಂತ್ರಗಳಿಗೆ ಹರಿಯುವುದರಿಂದ ವರ್ಷದ ಬಹುಕಾಲ ಬರಿಯ ಬಂಡೆಗಳೇ ಕಾಣುವುವು. ಕೊಲಂಬಿಯಾ ನದಿಯಲ್ಲಿ ಸಿಲೈಲೋ ಎಂಬ ಜಲಪಾತವಿತ್ತು. ಸಾವಿರಾರು ವರ್ಷಗಳಿಂದ ಅನೇಕ ಜನಾಂಗಗಳು ಕೂಡಿ ಮೀನು ಹಿಡಿದು ವ್ಯಾಪಾರ ನಡೆಸುತ್ತಿದ್ದ ಸ್ಥಳ ಅದು. 1957ರ ಮಾರ್ಚ್ 10ರಂದು ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಿದ ಕೆಲವೇ ಗಂಟೆಗಳಲ್ಲಿ ಅದು ನೀರಿನಡಿಯಾಯಿತು.

ಮ್ಯಾಂಡನ್ ಮತ್ತು ಹಿಡಾಟ್ಸಾ ಜನರ ಗತಿ ಏನಾಯಿತು? 1804ರ ಚಳಿಗಾಲದಲ್ಲಿ ಜೋಳವನ್ನು ಕೊಟ್ಟು ತಂಡವನ್ನು ಬದುಕಿಸಿದವರು ಅವರು. ಸಿಡುಬು ಮುಂತಾದ ರೋಗಗಳಿಂದ ಬಹಳವಾಗಿ ಕ್ಷೀಣಿಸಿ, ಅರಿಕಾರರೊಡನೆ ಕೂಡಿ, ಮಿಸ್ಸೂರಿಯ ದಡದಲ್ಲಿಯೇ ಮೇಲುಗಡೆ ನೆಲಸಿದ್ದರು. ಗ್ಯಾರಿಸನ್ ಅಣೆಕಟ್ಟಿಗಾಗಿ ಅವರ ಸುಮಾರು ಒಂದೂವರೆ ಲಕ್ಷ ಎಕರೆ ಭೂಮಿಯನ್ನು ಸರ್ಕಾರವು ತೆಗೆದುಕೊಂಡಿತು. 1948ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಆ ಒಪ್ಪಂದಕ್ಕೆ ರುಜು ಹಾಕುತ್ತಿದ್ದಾಗ ತೆಗೆದ ಒಂದು ಛಾಯಾಚಿತ್ರವಿದೆ. ಅದರಲ್ಲಿ ಮಂತ್ರಿಯು ಲೇಖನಿ ಹಿಡಿದು ಕುಳಿತಿದ್ದಾನೆ. ಪಕ್ಕದಲ್ಲಿ ಆ ಜನರ ಸಭಾಧ್ಯಕ್ಷನಾದ ಜಾರ್ಜ್ ಜಿಲೆಟ್ ಎಂಬಾತನು ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ. 1953ರಿಂದ ನೀರು ಏರತೊಡಗಿತು. ನದಿಯ ತಗ್ಗಿನ ಹೊಲಗಳು, ಎಲ್ಬೋವುಡ್ಸ್ ಎಂಬ ಊರು, ಅದರ ಆಸ್ಪತ್ರೆ ಮತ್ತು ಶಾಲೆ, ಎಲ್ಲವೂ ಮುಳುಗಿದುವು. ದಾರಿ ಹೇಳಿದವರ ಊರೇ ದಾರಿಯಿಲ್ಲದೆ ಹೋಯಿತು. ಆ ಜಲಾಶಯಕ್ಕೆ ಇಟ್ಟ ಹೆಸರು ಸಕಾಗವೆಯಳದು. ಇಂದು ದೋಣಿಯಲ್ಲಿ ಅದನ್ನು ದಾಟುವ ತಂಡದವರು ದಿನಚರಿಯನ್ನು ತೆರೆದರೆ, ಅದರಲ್ಲಿ ಹೇಳಿದ ತಿರುವಾಗಲಿ, ತೋಪಾಗಲಿ, ದಂಡೆಯಾಗಲಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಎಲ್ಲವೂ ಅವರ ದೋಣಿಯ ಕೆಳಗೆ ಇವೆ.

ಪ್ರಯಾಣದ ಇನ್ನೂರನೆಯ ವರ್ಷದ ಸ್ಮರಣೆಯು 2003ರಿಂದ 2006ರವರೆಗೆ ನಡೆಯಿತು. ಆಗ ಐತಿಹಾಸಿಕ ಮಾರ್ಗದ ಮೇಲ್ವಿಚಾರಕನಾಗಿದ್ದವನು ಜೆರಾರ್ಡ್ ಬೇಕರ್. ಮ್ಯಾಂಡನ್ ಮತ್ತು ಹಿಡಾಟ್ಸಾ ವಂಶದವನು. ಹಾದಿಯುದ್ದಕ್ಕೂ ಊರಿಂದೂರಿಗೆ ಸಂಚರಿಸಿದ ಪ್ರದರ್ಶನದಲ್ಲಿ ಒಂದು ದೊಡ್ಡ ಡೇರೆ ಇತ್ತು. ಅದಕ್ಕೆ ಅನೇಕ ಧ್ವನಿಗಳ ಡೇರೆ ಎಂದು ಹೆಸರು. ನದಿಯ ಮೂಲ ಜನಾಂಗಗಳವರು ಅಲ್ಲಿ ಬಂದು ತಮ್ಮ ಕಡೆಯ ಕಥೆಯನ್ನು ತಾವೇ ಹೇಳಿದರು. ಉತ್ಸವವೆಂದು ಬಂದವರು ಅದನ್ನೂ ಕೇಳಿಕೊಂಡು ಹೋದರು. ಹಾದಿಯನ್ನು ಹಿಡಿದು ಹೋಗುವುದರ ಅರ್ಥವು ಅಂದಿನಿಂದ ಸ್ವಲ್ಪ ಬದಲಾಯಿತೆಂದು ಹೇಳಬಹುದು.

ಹಾಗಾದರೆ ಈ ಪ್ರಯಾಣವು ಸಣ್ಣದಾಯಿತೇ? ನನಗೆ ಹಾಗೆ ತೋರುವುದಿಲ್ಲ. ನೀರಿಗೆದುರಾಗಿ ದೋಣಿಯನ್ನೆಳೆದವರ ಸಾಹಸ ಸಾಹಸವೇ. ಪ್ರತಿರಾತ್ರಿ ದಣಿದ ಕೈಯಿಂದ, ಸೊಳ್ಳೆಗಳ ಕಾಟದಲ್ಲಿ, ಕಂಡ ಗಿಡ ಮೃಗ ಪಕ್ಷಿಗಳನ್ನೂ ಕೇಳಿದ ಮಾತುಗಳನ್ನೂ ಬರೆದಿಟ್ಟವರ ಶ್ರದ್ಧೆಯು ಶ್ರದ್ಧೆಯೇ. ಅವರು ಹಾಗೆ ಪ್ರಾಮಾಣಿಕವಾಗಿ ಬರೆದಿಡದಿದ್ದರೆ ದಾರಿ ತೋರಿಸಿದವರ ಹೆಸರುಗಳೂ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಸಮುದ್ರದವರೆಗೂ ಸಮನಾಗಿ ದುಡಿದು ಬಂದ ಯಾರ್ಕನಿಗೆ, ಹಿಂದಿರುಗಿದ ಮೇಲೆ ಉಳಿದವರಿಗೆ ಸಿಕ್ಕ ಸಂಬಳವೂ ಭೂಮಿಯೂ ಸಿಕ್ಕಲಿಲ್ಲ. ಬೇಡಿದರೂ ದಾಸ್ಯದಿಂದ ಬಿಡುಗಡೆಯು ಅನೇಕ ವರ್ಷ ದೊರೆಯಲಿಲ್ಲ ಎಂಬುದನ್ನೂ ಅದೇ ಬಿಡಾರದ ಬೆಂಕಿಯ ಮುಂದೆ ಓದಬೇಕು.

ಯೆಲ್ಲೋಸ್ಟೋನ್ ನದಿಯ ದಡದಲ್ಲಿ ಒಂಟಿಯಾಗಿ ನಿಂತ ದೊಡ್ಡ ಬಂಡೆಯೊಂದಿದೆ. ಹಾದಿಯನ್ನು ಹಿಡಿದು ಬರುವ ತಂಡಗಳು ಸಾಮಾನ್ಯವಾಗಿ ಅದನ್ನು ನೋಡದೆ ಹೋಗುವುದಿಲ್ಲ. 1806ರ ಜುಲೈ 25ರಂದು ಕ್ಲಾರ್ಕನು ಅದರ ಮೇಲೆ ತನ್ನ ಹೆಸರನ್ನೂ ದಿನಾಂಕವನ್ನೂ ಕೆತ್ತಿದನು. ಸಕಾಗವೆಯಳ ಮಗುವಿಗೆ ತಾನು ಮುದ್ದಿನಿಂದ ಇಟ್ಟಿದ್ದ ಹೆಸರಿನಿಂದ ಆ ಬಂಡೆಯನ್ನು ಕರೆದನು. ಪ್ರಯಾಣದ ಹಾದಿಯಲ್ಲಿ ಅವರ ಕೈಯ ಗುರುತು ಈಗಲೂ ಕಣ್ಣಿಗೆ ಕಾಣುವಂತೆ ಉಳಿದಿರುವುದು ಅಲ್ಲಿ. ಅಕ್ಷರಗಳು ಅಳಿಯದಂತೆ ಮೇಲೆ ಗಾಜನ್ನು ಹಾಕಿದ್ದಾರೆ. ನೋಡುವವರು ಅದರ ಮುಂದೆ ನಿಂತು ದಿನಚರಿಯ ಆ ದಿನದ ಪುಟವನ್ನು ತೆರೆದರೆ, ಕ್ಲಾರ್ಕನೇ ಬರೆದ ಮಾತೊಂದು ಸಿಕ್ಕುವುದು: ತಾನು ಹೆಸರು ಕೆತ್ತಿದ ಸ್ಥಳದ ಹತ್ತಿರದಲ್ಲಿ, ತನಗಿಂತ ಮೊದಲೇ ಬಂದವರು ಪ್ರಾಣಿಗಳ ಆಕೃತಿಗಳನ್ನು ಕೆತ್ತಿದ್ದರೆಂದು.